ನಡೆಯದ ದಿನ

ನಾಲ್ಕನೆಯ ದಿನ ನಾವು ನಡೆಯಲಿಲ್ಲ.
ನನ್ನ ಎಡಗಾಲ ಹಿಮ್ಮಡಿಯಲ್ಲಿ ಎದ್ದ ಗುಳ್ಳೆ
ಒಡೆದು, ಕಾಲುಚೀಲಕ್ಕೆ ಅಂಟಿ,
ಉಗುರು ಬೆಚ್ಚಗಿನ ಉಪ್ಪುನೀರಲ್ಲಿ ಅದನ್ನು ಬಿಡಿಸುತ್ತ
ಝೊಹರಾ ಅಂದಳು: ಇವತ್ತು ನೀನು ಇಲ್ಲೇ.
ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ಹಾಗೆ ಅಂದವಳ ಮಾತಿಗೆ
ಮೇಲ್ಮನವಿ ಇಲ್ಲ.

ಬಾಯಾರಿನಿಂದ ಹೊರಟು
ಪೊಸಡಿಗುಂಪೆಯ ಬೆನ್ನೇರಿ, ಇಳಿದು,
ಗೇರುಕಾಡಿನ ಒಳದಾರಿ ಹಿಡಿದು
ಬಂದು ಬಿದ್ದದ್ದು ಈ ಪಾದೆಯ ಮೇಲೆ.
ಕಣ್ಣು ಹಾಯುವಷ್ಟು ಮುರಕಲ್ಲು,
ನಡುವೆ ಒಂದು ಪಳ್ಳ.
ಕೆರೆ ಅಂದರೆ ಜಂಬವಾದೀತು,
ಹೊಂಡ ಅಂದರೆ ಅದಕ್ಕೆ ನೋವಾದೀತು.
ಮಳೆಗಾಲ ಹೋಗುವಾಗ ಮರೆತುಬಿಟ್ಟ ನೀರು.
ನಕ್ಷೆಯಲ್ಲಿ ಇಲ್ಲ.
ಮಕರ ಬಂದರೆ ನೆಲದ ಮೇಲೂ ಇರುವುದಿಲ್ಲ.

ಬದಿಯಡ್ಕದ ಸ್ಟ್ಯಾಂಡಿನಲ್ಲಿ ಆಟೋ ಓಡಿಸುವವಳು ನಾನು.
ಕೂತೇ ದುಡಿದವಳಿಗೆ
ಸುಮ್ಮನೆ ಕೂರುವುದು ಗೊತ್ತಿರಲಿಲ್ಲ.
ಹತ್ತಕ್ಕೆ ಗಡಿಯಾರ ನೋಡಿದೆ,
ಹತ್ತೂ ಹತ್ತಕ್ಕೆ ಮತ್ತೆ.
ಬಾಡಿಗೆ ಸಿಗದ ಮಧ್ಯಾಹ್ನದ ಹಾಗೆ ಕೈ
ಇಲ್ಲದ ಹ್ಯಾಂಡಲನ್ನು ಹುಡುಕಿತು.
ಕೊನೆಗೆ ನೀರು ಮುಗಿಯುವ ಗೆರೆಗೆ ಸರಿಯಾಗಿ
ಒಂದು ಕಡ್ಡಿ ಚುಚ್ಚಿಟ್ಟೆ,
ಏನಾದರೊಂದು ಮಾಡಿದಂತಿರಲಿ ಎಂದು.

ಐತಪ್ಪಣ್ಣನ ಕಷ್ಟ ಬೇರೆ.
ಹದಿನೇಳು ವರ್ಷ ಕೋರೆಯಲ್ಲಿ ಕಲ್ಲು ಕಡಿದವನಿಗೆ
ಪಾದೆ ಕಂಡರೆ ಪಾದೆ ಕಾಣುವುದಿಲ್ಲ.
ಬೆರಳ ಗೆಣ್ಣಿನಿಂದ ಕುಟ್ಟಿದ, ಕಿವಿಯಿಟ್ಟ:
"ಒಳ್ಳೆ ಕಲ್ಲು, ಸಪೂರ ತೂತು.
ಇಲ್ಲಿಂದ ಆ ಕೇಪಳದ ಪೊದೆಯವರೆಗೆ
ನಾಲ್ಕು ಮನೆ, ಒಂದು ಮದರಸ, ಎರಡು ಬಾವಿಕಟ್ಟೆ."
"ಪಳ್ಳ?"
"ಅದು ಲೆಕ್ಕಕ್ಕಿಲ್ಲ. ಮೊದಲ ದಿನವೇ ಹರಿದು ಹೋಗುತ್ತದೆ."
ಹೇಳಿದ ಮೇಲೆ ಸುಮಾರು ಹೊತ್ತು
ಕೈಯನ್ನು ಕಿಸೆಯೊಳಗೇ ಇಟ್ಟುಕೊಂಡಿದ್ದ.

ಮೂರು ದಿನ ನಮ್ಮ ಹಿಂದೆಯೇ ಬಂದಿತ್ತು
ಕಣಿವೆಯಾಚೆಯ ಕಲ್ಲು ಕೊಯ್ಯುವ ಯಂತ್ರದ ಸದ್ದು.
ಇವತ್ತು ಶುಕ್ರವಾರ, ಅದಕ್ಕೂ ರಜೆ.
ಸದ್ದು ಖಾಲಿ ಮಾಡಿದ ಜಾಗಕ್ಕೆ ಟಿಟ್ಟಿಭವೊಂದು ಬಂದು
ಯಾರು ಯಾರು ಎಂದು ಬೈಯತೊಡಗಿತು.

ಗುಡ್ಡಕ್ಕೆ ಹಸು ಬಿಡಲು ಬಂದ ಹೆಂಗಸು
ಮಲಯಾಳದಲ್ಲಿ ಕೇಳಿದಳು, ಯಾರನ್ನು ಕಾಯುತ್ತಿದ್ದೀರಿ?
ಝೊಹರಾ ಬ್ಯಾರಿಯಲ್ಲಿ, ಐತಪ್ಪಣ್ಣ ತುಳುವಿನಲ್ಲಿ,
ನಾನು ಕನ್ನಡದಲ್ಲಿ ಹೇಳಿದೆವು: ಯಾರನ್ನೂ ಇಲ್ಲ.
ಮೂರು ಭಾಷೆಯಲ್ಲಿ ಹೇಳಿದರೂ ಅವಳು ನಂಬಲಿಲ್ಲ.
ಹೋಗುವಾಗ ನೀರಂಚಿನ ನೀಲಿ ಹೂಗಳನ್ನು ತೋರಿಸಿ,
ಅಂಗಿಯ ಗುಂಡಿಗಿಂತ ಸಣ್ಣವು,
"ಕಾಕ್ಕಪ್ಪೂ, ತುಳಿಯಬೇಡಿ" ಅಂದಳು.
ಹಸು ತುಳಿದುಕೊಂಡೇ ಹೋಯಿತು.

ಝೊಹರಾ ಕಣ್ಣು ತಪ್ಪಿಸಿ
ಬಲಗಾಲನ್ನು ಮಾತ್ರ ನೀರಿಗೆ ಬಿಟ್ಟೆ.
ಮೊಣಕಾಲಾಳದ ಆಕಾಶ.
ಗೊದಮೊಟ್ಟೆಗಳು ಬಂದು ಬೆರಳ ಸಂದಿ ಮೂಸಿದವು,
ಕೆಲವಕ್ಕೆ ಹಿಂಗಾಲು ಮೂಡಿತ್ತು,
ಕೆಲವಕ್ಕೆ ಇನ್ನೂ ಬರೀ ಬಾಲ.
ನೀರು ಮುಗಿಯುವುದರೊಳಗೆ ಕಾಲು ಬರಬೇಕು.
ಇಡೀ ಪಾದೆಯಲ್ಲಿ
ಅವಸರ ಇದ್ದದ್ದು ಅವಕ್ಕೆ ಮಾತ್ರ.

ಮೂರು ಗಂಟೆಯ ಮೇಲೆ ನಾನು ಗಡಿಯಾರ ನೋಡಲಿಲ್ಲ.
ಅದು ಆಮೇಲೆ ತಿಳಿದದ್ದು.

ಬೈಗಿಗೆ ದೂರದಲ್ಲಿ ಕಡಲು
ತಗಡಿನ ತುಂಡಿನಷ್ಟು ಹೊಳೆದು ಆರಿತು.
ಕಡ್ಡಿಯಿಂದ ನೀರಿಗೆ ಈಗ
ಒಂದು ಉಗುರಿನ ದೂರ.
ನಾವು ನಡೆಯದ ದಿನ ಅದು ಅಷ್ಟು ನಡೆದಿತ್ತು.

ಐತಪ್ಪಣ್ಣ ಕೇಪಳದ ನೆರಳಲ್ಲಿ, ಅಂಗಿ ಕಳಚಿಟ್ಟು,
ಕಡಿಯದ ಕಲ್ಲಿನ ಮೇಲೆ ಅಂಗಾತ ನಿದ್ದೆ ಹೋಗಿದ್ದ.
ಎದ್ದು ತಿರುಗಿದಾಗ
ಬೆನ್ನ ತುಂಬ ಮುರಕಲ್ಲಿನ ಅಚ್ಚು,
ಸಪೂರ ತೂತು, ಕೆಂಪು ಧೂಳು, ನಡುವೆ ಒಂದೆರಡು ಇರುವೆ.
ಝೊಹರಾ ನನ್ನ ಮುಖ ನೋಡಿದಳು.
ನಾವು ಅವನಿಗೆ ಹೇಳಲಿಲ್ಲ.
ಅವನು ಅಂಗಿ ಕೊಡವಿ ತೊಟ್ಟು
ಚಾಯಕ್ಕೆ ನೀರು ತರಲು ಹೋದ,
ಬಗ್ಗಿ, ಒಂದೇ ಚೊಂಬು,
ಕಲಕದ ಹಾಗೆ.